ಸಂಪಾದಕರ ಉತ್ತರ: ಒಂದೇ ಆಪ್, ಎರಡು ತರಗತಿ

ಹಾವೇರಿ ಜಿಲ್ಲೆಯ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಕನ್ನಡ ಕಲಿಸುವ ಓದುಗರೊಬ್ಬರ ಪತ್ರದ ಸಾರ ಇದು: "ಕಳೆದ ವರ್ಷ ನಮ್ಮ ಮಕ್ಕಳ ಫೋನಿಗೆಲ್ಲ ಎಐ ಚಾಟ್‌ಬಾಟ್ ಬಂತು. ಬಿ.ಎ. ವಿದ್ಯಾರ್ಥಿನಿಯೊಬ್ಬಳು ಅದರಿಂದ ಅಕ್ಕಮಹಾದೇವಿಯ ವಚನ ಕೇಳಿ ಪಡೆದು ಅಸೈನ್‌ಮೆಂಟಿಗೆ ಹಾಕಿದಳು. ಕೊನೆಯಲ್ಲಿ ‘ಕೂಡಲಸಂಗಮದೇವಾ’ ಎಂದಿತ್ತು! ಇಡೀ ತರಗತಿ ನಕ್ಕಿತು. ಆಮೇಲೆ ಆ ತರಗತಿಯ ಹೆಚ್ಚಿನವರು ಅದನ್ನು ಬಿಟ್ಟೇಬಿಟ್ಟರು. ಪಕ್ಕದ ಬಿ.ಕಾಂ. ಮಕ್ಕಳು ಮಾತ್ರ ಈಗಲೂ ದಿನಾ ಬಳಸುತ್ತಾರೆ. ಅದೇ ಊರು, ಅದೇ ಫೋನು, ಅದೇ ಆಪ್. ಯಾಕೆ ಹೀಗೆ? ಬಳಸುವವರನ್ನು ತಡೆಯಬೇಕೆ?"

ಮೇಡಂ,

ಈ ವಿಷಯದಲ್ಲಿ ಬರುವ ಪತ್ರಗಳು ಹೆಚ್ಚಾಗಿ ತೀರ್ಪಿನಿಂದಲೇ ಶುರುವಾಗುತ್ತವೆ. ಮಕ್ಕಳು ಕೆಟ್ಟರು ಎಂದು ಕೆಲವರು, ಕಾಲ ಬದಲಾಗಿದೆ ಒಪ್ಪಿಕೊಳ್ಳಿ ಎಂದು ಕೆಲವರು. ನೀವು ಕಂಡದ್ದನ್ನು ಕಂಡಹಾಗೆ ಬರೆದು ‘ಯಾಕೆ’ ಎಂದು ಕೇಳಿದ್ದೀರಿ. ಅದಕ್ಕೇ ಈ ಉದ್ದದ ಉತ್ತರ.

ಮಕ್ಕಳು ಶುರು ಮಾಡಿದ್ದು ಯಾಕೆ ಎಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಚಾಟ್‌ಜಿಪಿಟಿ ಜನರ ಕೈಗೆ ಬಂದದ್ದು 2022ರ ನವೆಂಬರ್ 30ರಂದು. 2025ರ ಜುಲೈಯಲ್ಲಿ ಏರ್‌ಟೆಲ್ ತನ್ನ ಗ್ರಾಹಕರಿಗೆ ಪರ್‌ಪ್ಲೆಕ್ಸಿಟಿ ಪ್ರೊ ಎಂಬ ಎಐ ಆಪನ್ನು ಒಂದು ವರ್ಷ ಪುಕ್ಕಟೆ ಕೊಟ್ಟಿತು. ಅದೇ ತಿಂಗಳು ಗೂಗಲ್ ನಮ್ಮ ದೇಶದ ಕಾಲೇಜು ವಿದ್ಯಾರ್ಥಿಗಳಿಗೆ ತನ್ನ ಚಾಟ್‌ಬಾಟ್ ಜೆಮಿನಿಯ ಹಣ ಕೊಟ್ಟು ಪಡೆಯುವ ಆವೃತ್ತಿಯನ್ನು ವರ್ಷದ ಮಟ್ಟಿಗೆ ಉಚಿತ ಮಾಡಿತು. ಅದೇ ವರ್ಷದ ನವೆಂಬರ್ 4ರಿಂದ, ತಿಂಗಳಿಗೆ 399 ರೂಪಾಯಿಯಿದ್ದ ಚಾಟ್‌ಜಿಪಿಟಿ ಗೋ ಕೂಡ ಒಂದು ವರ್ಷ ಉಚಿತವಾಯಿತು. ರೀಚಾರ್ಜ್ ಮಾಡಿಸಿದಾಗ ಜೊತೆಗೆ ಬಂದದ್ದನ್ನು ಯಾವ ಹುಡುಗ ಒತ್ತಿ ನೋಡದೆ ಇರುತ್ತಾನೆ? ಉಚಿತದ ಅವಧಿ ಮುಗಿದ ಮೇಲೆ 399 ರೂಪಾಯಿ ಯಾರು ಕೊಡುತ್ತಾರೆ ಎಂಬುದು ಬೇರೆ ಮಾತು. ಹಾಸ್ಟೆಲ್ ಹುಡುಗರ ಲೆಕ್ಕದಲ್ಲಿ ಅದು ಸಣ್ಣ ಮೊತ್ತವಲ್ಲ.

ಹಿಡಿದದ್ದನ್ನು ಬಿಡದೆ ಇರುವುದಕ್ಕೆ ಮಾತ್ರ ಬೇರೆಯೇ ಕಾರಣಗಳಿವೆ. 2001ರಲ್ಲಿ ಅನೋಲ್ ಭಟ್ಟಾಚಾರ್ಜಿ ಎಂಬ ವಿದ್ವಾಂಸರು ಆನ್‌ಲೈನ್ ಬ್ಯಾಂಕಿಂಗ್ ಬಳಸುವವರನ್ನು ಇಟ್ಟುಕೊಂಡು ಇದನ್ನೇ ಕೇಳಿದ್ದರು: ಒಮ್ಮೆ ಬಳಸಿದವರು ಮತ್ತೆ ಮತ್ತೆ ಯಾಕೆ ಬರುತ್ತಾರೆ? ಅವರು ಕಂಡದ್ದನ್ನು ನಮ್ಮ ಮಾತಿನಲ್ಲಿ ಹೀಗೆ ಹೇಳಬಹುದು. ಏನೋ ಸಿಗುತ್ತದೆಂದು ನಂಬಿ ಹೋಗುತ್ತೇವೆ. ನಂಬಿದಷ್ಟು ಸಿಕ್ಕಿದರೆ ಸಮಾಧಾನವಾಗುತ್ತದೆ, ಉಪಯೋಗಕ್ಕೆ ಬಂತು ಅನ್ನಿಸುತ್ತದೆ. ಆ ಸಮಾಧಾನ ಮತ್ತು ಆ ಉಪಯೋಗ, ಎರಡೂ ಸೇರಿ ಮತ್ತೆ ಕರೆತರುತ್ತವೆ. ಕಲಿಕೆಗೆ ಚಾಟ್‌ಬಾಟ್ ಬಳಸುವ ವಿದ್ಯಾರ್ಥಿಗಳ ಬಗ್ಗೆ ಈಗ ನಡೆಯುವ ಎಷ್ಟೋ ಅಧ್ಯಯನಗಳು ಈ ಚೌಕಟ್ಟಿನ ಮೇಲೇ ನಿಂತಿವೆ.

ನಿಮ್ಮ ಬಿ.ಎ. ತರಗತಿಯಲ್ಲಿ ಆ ನಂಬಿಕೆ ಮುರಿದದ್ದು ಒಂದು ಅಂಕಿತದಲ್ಲಿ. ಚೆನ್ನಮಲ್ಲಿಕಾರ್ಜುನ ಇರಬೇಕಾದಲ್ಲಿ ಬಸವಣ್ಣನವರ ಕೂಡಲಸಂಗಮದೇವ ಬಂದು ಕೂತರೆ, ಕನ್ನಡ ಓದುವ ಹುಡುಗಿಗೆ ಬೇರೆ ಸಾಕ್ಷಿ ಬೇಕಿಲ್ಲ. ಮೊದಲ ವಾರಗಳಲ್ಲೇ, ಅದೂ ಎಲ್ಲರ ಎದುರಿಗೆ, ಹೀಗಾದರೆ ಹುಡುಗರು ಎರಡನೇ ಅವಕಾಶ ಕೊಡುವುದಿಲ್ಲ. ಕೊಡಬೇಕಾಗಿಯೂ ಇಲ್ಲ.

ಆ ಯಂತ್ರ ವಚನಗಳನ್ನು ಕಪಾಟಿನಲ್ಲಿ ಜೋಡಿಸಿಟ್ಟುಕೊಂಡಿಲ್ಲ. ಯಾವ ಮಾತಿನ ಹಿಂದೆ ಯಾವ ಮಾತು ಬರಬಹುದೆಂದು ಅಂದಾಜು ಕಟ್ಟುತ್ತಾ ಹೋಗುತ್ತದೆ. ಹೆಚ್ಚು ಓದಿದ್ದರಲ್ಲಿ ಅಂದಾಜು ಗಟ್ಟಿ, ಕಡಿಮೆ ಓದಿದ್ದರಲ್ಲಿ ಪೊಳ್ಳು. ಇಂಗ್ಲಿಷ್ ವಿಕಿಪೀಡಿಯದಲ್ಲಿ 70 ಲಕ್ಷದಷ್ಟು ಲೇಖನಗಳಿವೆ, ಕನ್ನಡದ್ದರಲ್ಲಿ 30 ಸಾವಿರದ ಆಸುಪಾಸು. ಬಿ.ಕಾಂ. ಪಠ್ಯದ ಡಿಪ್ರಿಸಿಯೇಷನ್ (ಸವಕಳಿ, ಅಂದರೆ ಬಳಸುತ್ತಾ ವಸ್ತುವಿನ ಬೆಲೆ ಇಳಿಯುವುದು) ಬಗ್ಗೆ ಇಂಗ್ಲಿಷಿನಲ್ಲಿ ಲೆಕ್ಕವಿಲ್ಲದಷ್ಟು ಪುಟಗಳಿವೆ. ಅಕ್ಕನ ಒಂದು ವಚನ ಕನ್ನಡದಲ್ಲಿ ಎಷ್ಟು ಕಡೆ ತಪ್ಪಿಲ್ಲದೆ ಅಚ್ಚಾಗಿದೆ, ಹೇಳಿ. ಹೀಗಾಗಿ ಆಪ್ ಒಂದೇ ಆದರೂ ನಿಮ್ಮ ಕಾಲೇಜಿನ ಎರಡು ತರಗತಿಗಳ ಕೈಯಲ್ಲಿರುವುದು ಎರಡು ಬೇರೆ ಬೇರೆ ಯಂತ್ರಗಳು.

ಇಷ್ಟೇ ಆಗಿದ್ದರೆ ನಾನು ಇಲ್ಲಿಗೇ ನಿಲ್ಲಿಸುತ್ತಿದ್ದೆ. ಆದರೆ ಬಿ.ಕಾಂ. ಮಕ್ಕಳು ಅದನ್ನು ಬಿಡದಿರುವುದಕ್ಕೆ ಉತ್ತರ ಸರಿ ಇರುವುದಕ್ಕಿಂತ ದೊಡ್ಡ ಕಾರಣವಿದೆ. ಅದನ್ನು ನಾನು ನಮ್ಮ ಮನೆಯ ಊಟದ ಮೇಜಿನ ಮೇಲೆಯೇ ನೋಡಿದೆ.

ನನ್ನ ತಂಗಿಯ ಮಗಳು ನಮ್ಮ ಮನೆಯಲ್ಲಿದ್ದುಕೊಂಡು ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದಾಳೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ. ಒಂದು ರಾತ್ರಿ ಹನ್ನೊಂದು ಗಂಟೆಗೆ ನಾನು ನೀರು ಕುಡಿಯಲು ಎದ್ದಾಗ ಫೋನಿನಲ್ಲಿ ಏನೋ ಬರೆಯುತ್ತಿದ್ದಳು. ಪಕ್ಕದಲ್ಲಿ ಕೂತೆ. ಮಾರನೇ ದಿನ ಇಂಟರ್ನಲ್ಸ್. ಒಂದು ಲಕ್ಷ ರೂಪಾಯಿಯ ಯಂತ್ರ, ಶೇ 10 ಸವಕಳಿ, ಪ್ರತಿ ವರ್ಷ ಉಳಿದ ಬೆಲೆಯ (ಬುಕ್ ವ್ಯಾಲ್ಯೂ) ಮೇಲೆ ಲೆಕ್ಕ ಹಾಕಬೇಕು. "ಪ್ರತಿ ವರ್ಷ ಯಾಕೆ ಕಮ್ಮಿ ಆಗುತ್ತೆ, ಸಿಂಪಲ್ ಆಗಿ ಹೇಳು" ಎಂದು ಕೇಳಿದಳು. ಬಂದ ಉತ್ತರ ಓದಿ, "ಇನ್ನೂ ಸಿಂಪಲ್" ಎಂದಳು. ಆಮೇಲೆ, "ಬುಕ್ ವ್ಯಾಲ್ಯೂ ಅಂದ್ರೆ ಏನು ಕನ್ನಡದಲ್ಲಿ." ಆಮೇಲೆ ಮೊದಲನೇ ಪ್ರಶ್ನೆಯನ್ನೇ ಇನ್ನೊಮ್ಮೆ. ನಾಲ್ಕು ಸಲ ಕೇಳಿದಳು. ನಾಲ್ಕನೇ ಸಲವೂ ಅದು ಮೊದಲನೇ ಸಲದಷ್ಟೇ ತಾಳ್ಮೆಯಿಂದ ಹೇಳಿತು.

"ಕ್ಲಾಸಲ್ಲಿ ಕೇಳಲ್ವೇನೇ?" ಎಂದೆ.

"ಎಪ್ಪತ್ತು ಜನ ತಿರುಗಿ ನೋಡ್ತಾರೆ ಮಾಮ. ಇಂಗ್ಲಿಷಲ್ಲಿ ಕೇಳ್ಬೇಕು. ಇಷ್ಟೂ ಗೊತ್ತಿಲ್ವಾ ಅಂತಾರೆ."

ಮೇಡಂ, ನಿಮ್ಮ ಪ್ರಶ್ನೆಗೆ ನನ್ನ ಬಳಿ ಒಂದೇ ಉತ್ತರ ಇರಬೇಕೆಂದರೆ ಅದು ಇದು. ಮಕ್ಕಳು ಆ ಯಂತ್ರವನ್ನು ಬಿಡದಿರುವುದು ಅದು ಎಲ್ಲ ಬಲ್ಲದು ಎಂದಲ್ಲ. ಅದರ ಎದುರು ಗೊತ್ತಿಲ್ಲ ಎನ್ನಲು ನಾಚಿಕೆಯಾಗುವುದಿಲ್ಲ. ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷ್ ಪಠ್ಯದೊಳಗೆ ಬಿದ್ದ ಮಕ್ಕಳಿಗೆ, ಮನೆಯಲ್ಲಿ ಮೊದಲ ಬಾರಿಗೆ ಡಿಗ್ರಿ ಓದುತ್ತಿರುವ ಮಕ್ಕಳಿಗೆ, ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ, ವ್ಯಾಕರಣ ತಪ್ಪಾಗಿ, ಒಂದೇ ಪ್ರಶ್ನೆಯನ್ನು ನಾಲ್ಕು ಸಲ ಕೇಳುವ ಜಾಗ ಇದಕ್ಕೆ ಮೊದಲು ಎಲ್ಲಿತ್ತು? ಟ್ಯೂಷನ್‌ಗೆ ದುಡ್ಡಿದ್ದವರಿಗೆ ಇತ್ತು, ಓದಿದ ಅಣ್ಣ ಅಕ್ಕ ಇದ್ದವರಿಗೆ ಇತ್ತು. ಉಳಿದವರು ಗೊತ್ತಾದ ಹಾಗೆ ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ನಾನೂ ಹಾಗೇ ಹೋದವನು. ಅದಕ್ಕೇ ಈ ಮಕ್ಕಳ ಫೋನನ್ನು ಕಿತ್ತುಕೊಳ್ಳಿ ಎಂದು ಹೇಳಲು ನನ್ನಿಂದ ಆಗುವುದಿಲ್ಲ.

ಇದರ ಮೇಲೆ ಅಭ್ಯಾಸ ಸೇರಿಕೊಳ್ಳುತ್ತದೆ. 2007ರ ಒಂದು ಅಧ್ಯಯನ ತೋರಿಸಿದಂತೆ, ಬಳಕೆ ರೂಢಿಯಾದ ಮೇಲೆ ‘ಬಳಸಬೇಕು’ ಎಂಬ ನಿರ್ಧಾರದ ಪಾತ್ರ ಕುಗ್ಗುತ್ತದೆ. ಕೈ ತಾನಾಗಿ ಹೋಗುತ್ತದೆ. ಗೆಳೆಯರ ವಾಟ್ಸ್‌ಆ್ಯಪ್ ಗುಂಪೂ ಎಳೆಯುತ್ತದೆ. ನಮ್ಮ ಪರೀಕ್ಷೆಗಳೂ ಎಳೆಯುತ್ತವೆ: ಹತ್ತು ಅಂಕಕ್ಕೆ ವಿವರಿಸಿ ಎಂದರೆ ಹತ್ತು ಅಂಕಕ್ಕೆ ತಕ್ಕ ವಿವರಣೆ ಅರ್ಧ ನಿಮಿಷದಲ್ಲಿ ಸಿದ್ಧ.

ಈಗ ಮಾರನೇ ಬೆಳಗಿನ ಮಾತು. ಕಾಫಿ ಕುಡಿಯುತ್ತಾ, ಫೋನು ಒಳಗಿರುವಾಗ ಕೇಳಿದೆ: "ಮೊದಲನೇ ವರ್ಷ ಸವಕಳಿ ಎಷ್ಟು?" ಹತ್ತು ಸಾವಿರ. ಎರಡನೇ ವರ್ಷ? ಒಂಬತ್ತು ಸಾವಿರ. ಮೂರನೇ ವರ್ಷ? "ಎಂಟು ಸಾವಿರ" ಎಂದಳು, ಒಂದಿಷ್ಟೂ ಅನುಮಾನವಿಲ್ಲದೆ. ಪ್ರತಿ ವರ್ಷ ಒಂದು ಸಾವಿರ ಇಳಿಯುತ್ತದೆ ಎಂದುಕೊಂಡಿದ್ದಳು. ರಾತ್ರಿ ನಾಲ್ಕು ಸಲವೂ "ಓ, ಈಗ ಗೊತ್ತಾಯ್ತು" ಎಂದವಳು. ಹಾಲಿನ ಬಿಲ್ಲಿನ ಹಿಂದೆ ಅವಳೇ ಲೆಕ್ಕ ಹಾಕಿದಳು: ಉಳಿದದ್ದು 81,000, ಅದರ ಶೇ 10 ಅಂದರೆ 8,100. ಪೆನ್ನು ಇಟ್ಟು ಸ್ವಲ್ಪ ಹೊತ್ತು ನೋಡಿ, "ಹಾಗಾದ್ರೆ ಇದು ಯಾವತ್ತೂ ಸೊನ್ನೆ ಆಗೋದೇ ಇಲ್ವಾ ಮಾಮ?" ಎಂದಳು. ರಾತ್ರಿಯಿಡೀ ಯಂತ್ರದ ಜೊತೆ ಮಾತಾಡಿದರೂ ಹುಟ್ಟದ ಪ್ರಶ್ನೆ ಅದು.

ನನಗೆ ಭಯವಿರುವುದು ಇಲ್ಲಿ. ಮತ್ತೆ ಮತ್ತೆ ಕರೆತರುವ ಆ ಸಮಾಧಾನಕ್ಕೂ ಕಲಿತದ್ದಕ್ಕೂ ನಂಟು ಇರಲೇಬೇಕೆಂದಿಲ್ಲ. ಟರ್ಕಿಯಲ್ಲಿ ಸುಮಾರು ಒಂದು ಸಾವಿರ ಹೈಸ್ಕೂಲು ಮಕ್ಕಳ ಮೇಲೆ ಗಣಿತದಲ್ಲಿ ಒಂದು ಪ್ರಯೋಗ ನಡೆಯಿತು. ಸಾಮಾನ್ಯ ಚಾಟ್‌ಬಾಟ್ ಹಿಡಿದು ಅಭ್ಯಾಸ ಮಾಡಿದವರ ಅಂಕ ಅಭ್ಯಾಸದ ಹೊತ್ತಿನಲ್ಲಿ ಶೇ 48 ಮೇಲೇರಿತು. ಅದನ್ನು ತೆಗೆದಿಟ್ಟು ಪರೀಕ್ಷೆ ಕೊಟ್ಟಾಗ, ಅದನ್ನು ಮುಟ್ಟದೆ ಓದಿದವರಿಗಿಂತ ಶೇ 17 ಕೆಳಗಿಳಿಯಿತು. ತಾವು ಕಡಿಮೆ ಕಲಿತೆವೆಂದು ಆ ಮಕ್ಕಳಿಗೆ ಅನ್ನಿಸಿರಲಿಲ್ಲ. ಉತ್ತರ ಹೇಳದೆ ಸುಳಿವು ಮಾತ್ರ ಕೊಡುವಂತೆ ಕಟ್ಟಿದ ಇನ್ನೊಂದು ಚಾಟ್‌ಬಾಟ್ ಬಳಸಿದವರಿಗೆ ಈ ನಷ್ಟ ಹೆಚ್ಚುಕಡಿಮೆ ಆಗಲಿಲ್ಲ. ಚಾಟ್‌ಬಾಟ್ ಹುಟ್ಟುವ ಮೊದಲೇ, 2006ರಲ್ಲಿ, ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಇಂಥದ್ದನ್ನೇ ಕಂಡಿದ್ದರು. ಪಾಠವನ್ನು ಮತ್ತೆ ಮತ್ತೆ ಓದಿದ ಕಾಲೇಜು ವಿದ್ಯಾರ್ಥಿಗಳಿಗೆ ನೆನಪಿರುತ್ತದೆಂಬ ಧೈರ್ಯ ಹೆಚ್ಚಿತ್ತು. ವಾರ ಕಳೆದ ಮೇಲೆ ಹೆಚ್ಚು ನೆನಪಿದ್ದದ್ದು, ಪುಸ್ತಕ ಮುಚ್ಚಿ ಬರೆದು ನೋಡಿಕೊಂಡವರಿಗೆ.

ಆದ್ದರಿಂದ ತಡೆಯಬೇಡಿ. ನಿಮ್ಮ ಬಿ.ಕಾಂ. ಸಹೋದ್ಯೋಗಿಗಳಿಗೆ ಎರಡು ಮಾತು ತಲುಪಿಸಿ. ಒಂದು, ತರಗತಿಯ ಮೊದಲ ಹತ್ತು ನಿಮಿಷ ಫೋನು ಚೀಲದಲ್ಲಿರಲಿ, ನಿನ್ನೆ ಗೊತ್ತಾಯಿತೆಂದುಕೊಂಡದ್ದನ್ನು ಹಾಳೆಯ ಮೇಲೆ ಬರೆಯಲಿ. ಇನ್ನೊಂದು, ರಾತ್ರಿ ಯಂತ್ರಕ್ಕೆ ಕೇಳಿದ ಪ್ರಶ್ನೆಯನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಲಿ. ಬುಕ್ ವ್ಯಾಲ್ಯೂ ಎಂದರೇನೆಂದು ಇಪ್ಪತ್ತು ಚೀಟಿ ಬಂದರೆ ಮೇಷ್ಟ್ರಿಗೆ ಪಾಠ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯುತ್ತದೆ. ಚೀಟಿ ಬರೆದ ಹುಡುಗಿಗೆ ತಾನೊಬ್ಬಳೇ ಅಲ್ಲವೆಂದು ತಿಳಿಯುತ್ತದೆ. ಯಂತ್ರದ ಮುಂದೆ ಕೂರುವಾಗಲೂ "ಉತ್ತರ ಹೇಳಬೇಡ, ನನಗೇ ಒಂದೊಂದಾಗಿ ಪ್ರಶ್ನೆ ಕೇಳು" ಎಂದು ಬರೆದು ಶುರು ಮಾಡಲು ಕಲಿಸಿ. ಅದು ಕೇಳುತ್ತದೆ.

ನಿಮ್ಮ ಬಿ.ಎ. ಮಕ್ಕಳನ್ನು ಮತ್ತೆ ಅದಕ್ಕೆ ಹಚ್ಚಬೇಕೆಂದು ನನಗೆ ಅನ್ನಿಸುವುದಿಲ್ಲ. ವಚನ ಬೇಕಾದರೆ ಸರ್ಕಾರ ಪ್ರಕಟಿಸಿದ ಸಮಗ್ರ ವಚನ ಸಂಪುಟಗಳಿವೆ, ಪದ ಕೊಟ್ಟು ಹುಡುಕಲು ವಚನ ಸಂಚಯ ಜಾಲತಾಣವಿದೆ. ಆದರೆ ಆ ಸುಳ್ಳು ವಚನವನ್ನು ಎಸೆಯಬೇಡಿ. ಒಂದು ದಿನ ಕರಿಹಲಗೆಯ ಎಡಕ್ಕೆ ಅದನ್ನೂ ಬಲಕ್ಕೆ ಅಕ್ಕನ ನಿಜವಾದ ವಚನವನ್ನೂ ಬರೆಯಿರಿ. ಎರಡರ ಅಂಕಿತವನ್ನೂ ಒರೆಸಿಬಿಡಿ. ಯಾವುದು ಅಕ್ಕನದು, ಹೇಗೆ ಗೊತ್ತಾಯಿತು ಎಂದು ಕೇಳಿ. ಅಸೈನ್‌ಮೆಂಟ್ ಬರೆದು ನಗೆಗೀಡಾದ ಆ ಹುಡುಗಿಯೇ ಮೊದಲು ಮಾತಾಡಲಿ. ಅವಳು ಏನು ಹೇಳಿದಳೆಂದು ನನಗೆ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಒಂದು ಪುಟ ಖಾಲಿ ಇಟ್ಟಿರುತ್ತೇನೆ.

— ಸಂಪಾದಕ