ಯಾರೂ ನಿಲ್ಲಿಸದಿದ್ದರೂ ನಾವಾಗಿಯೇ ಟ್ರಕ್ ತಪಾಸಣೆ ಮಾಡಿಸಿಕೊಳ್ಳಬೇಕಾ?

ನೀವು ಅಮೆರಿಕದಲ್ಲಿ ಒಂದು ಸಣ್ಣ ಕಂಪನಿಗೆ ಟ್ರಕ್ ಓಡಿಸಲು ಶುರು ಮಾಡಿ ಕೆಲವೇ ತಿಂಗಳಾಗಿದೆ. ಜೊತೆಯ ಡ್ರೈವರ್ ಒಬ್ಬರು ವೇ ಸ್ಟೇಷನ್‌ಗೆ (ಹೆದ್ದಾರಿ ಪಕ್ಕ ಟ್ರಕ್ ತೂಗಿ ತಪಾಸಣೆ ಮಾಡುವ ಜಾಗ, ಸ್ಕೇಲ್ ಅಂತಲೂ ಅನ್ನುತ್ತಾರೆ) ಹೋಗಿ "ನನ್ನ ಗಾಡಿ ಇನ್‌ಸ್ಪೆಕ್ಟ್ ಮಾಡಿ" ಅಂತ ತಾವೇ ಕೇಳುತ್ತಾರೆ. ಇದು ಸುಮ್ನೆ ತೊಂದರೆ ಮೈಮೇಲೆ ಎಳೆದುಕೊಂಡಂತೆ ಅಲ್ವಾ ಅಂತ ಕೇಳಿದ್ದೀರಿ. ನಿಮ್ಮ ಟ್ರೇಲರಿನ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಎಚ್ಚರಿಕೆ ಲೈಟು ಆರುತ್ತಿಲ್ಲ ಅಂತಲೂ ಬರೆದಿದ್ದೀರಿ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ವರ್ಷಕ್ಕೆ ಒಂದೆರಡು ಸಲ ಕೇಳಿ ಮಾಡಿಸಿಕೊಳ್ಳುತ್ತೇನೆ. ನೀವೂ ಮಾಡಿಸಿ ಅಂತಲೇ ಹೇಳುತ್ತೇನೆ.

ಮೊದಲ ಸಲ ಕೇಳಿದ್ದು ಒಂದು ಭಾನುವಾರ ಬೆಳಿಗ್ಗೆ. ಟ್ರೇಲರ್ ಖಾಲಿ ಇತ್ತು, ಸ್ಕೇಲ್‌ನಲ್ಲಿ ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ. ಅಧಿಕಾರಿ ನನ್ನ ಮುಖ ನೋಡಿ "ಪೂರ್ತಿ ಮಾಡಲಾ?" ಅಂದರು. ಹೂಂ ಅಂದೆ. ಪೂರ್ತಿ ಅಂದರೆ ಲೆವೆಲ್ 1, ಒಟ್ಟು 37 ಹಂತ. ಲೈಸೆನ್ಸು, ಮೆಡಿಕಲ್ ಕಾರ್ಡು, ಓಡಿಸಿದ ಹೊತ್ತು ದಾಖಲಿಸುವ ಇಎಲ್‌ಡಿಯಲ್ಲಿನ ಗಂಟೆಗಳು, ಲೈಟು, ಟೈರು, ಸ್ಟೀರಿಂಗು, ಟ್ರೇಲರ್ ಸಿಕ್ಕಿಸುವ ಫಿಫ್ತ್ ವೀಲು ಎಲ್ಲ ನೋಡಿ, ಗಾಡಿಯ ಕೆಳಗೆ ತೂರಿದರು. ಒಂದೊಂದು ಬ್ರೇಕ್ ಚೇಂಬರಿನ (ಗಾಳಿಯ ಒತ್ತಡದಿಂದ ಬ್ರೇಕ್ ಹಾಕಿಸುವ ಡಬ್ಬಿ) ಪುಶ್‌ರಾಡ್ ಮೇಲೂ, ಅಂದರೆ ಅದರಿಂದ ಹೊರಗೆ ಚಾಚುವ ಕಂಬಿಯ ಮೇಲೂ, ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಎಂಜಿನ್ ಆಫ್, ಗಾಳಿಯ ಒತ್ತಡ 90ರಿಂದ 100 ಪಿಎಸ್‌ಐ. "ಬ್ರೇಕ್ ಒತ್ತಿ ಹಿಡಿ" ಅಂತ ಕೆಳಗಿನಿಂದ ಕೂಗಿದರು. ಆ ಗೆರೆ ಎಷ್ಟು ಹೊರಗೆ ಸರಿಯಿತು ಅಂತ ಅಳೆಯುತ್ತಾ ಹೋದರು.

ಟ್ರೇಲರಿನ ಎಡಗಡೆ ಕೊನೆಯ ಚಕ್ರಕ್ಕೆ ಬಂದಾಗ ನನ್ನನ್ನು ಕರೆದರು. ಆ ಚೇಂಬರಿಗೆ ಮಿತಿ ಎರಡೂವರೆ ಇಂಚು. ಗೆರೆ ಅದನ್ನು ದಾಟಿತ್ತು, ಅಂದರೆ ಬ್ರೇಕ್ ಸಡಿಲ. ನಾನು ದಿನಾ ಬೆಳಿಗ್ಗೆ ಟಾರ್ಚ್ ಹಿಡಿದು ಗಾಡಿ ಸುತ್ತುತ್ತಿದ್ದವನು. ಆದರೂ ಕಂಡಿರಲಿಲ್ಲ. ಒಬ್ಬನೇ ಇದ್ದಾಗ ಮೇಲೆ ಬ್ರೇಕ್ ಒತ್ತಿ, ಕೆಳಗೂ ನೋಡುವುದು ಹೇಗೆ?

ಐದು ಆಕ್ಸಲ್ ಗಾಡಿಗೆ 10 ಬ್ರೇಕು. ಅದರಲ್ಲಿ ಶೇ. 20, ಅಂದರೆ ಎರಡು ಕೆಟ್ಟಿದ್ದರೆ ಗಾಡಿ ಅಲ್ಲೇ ಔಟ್ ಆಫ್ ಸರ್ವಿಸ್, ರಿಪೇರಿ ಆಗುವವರೆಗೆ ಓಡಿಸುವಂತಿಲ್ಲ. ನನ್ನದು ಒಂದೇ ಆಗಿದ್ದರಿಂದ ಮುಂದೆ ಹೋಗಲು ಬಿಟ್ಟರು. ಆದರೆ ವರದಿಯಲ್ಲಿ ಬರೆದರು, ಟ್ರೇಲರಿಗೆ ಪಾಸಾದ ಸ್ಟಿಕ್ಕರ್ ಕೊಡಲಿಲ್ಲ. ತಾನಾಗಿ ಬಂದ ಅಂತ ರಿಯಾಯಿತಿ ಸಿಗುವುದಿಲ್ಲ, ಇದು ನೆನಪಿರಲಿ. ಹೊರಡುವಾಗ ಅವರು ಒಂದು ಮಾತು ಹೇಳಿದರು. ಬ್ರೇಕನ್ನು ತಾನಾಗಿಯೇ ಬಿಗಿಯಾಗಿಡುವ ಆಟೋಮ್ಯಾಟಿಕ್ ಸ್ಲ್ಯಾಕ್ ಅಡ್ಜಸ್ಟರ್ ಇದ್ದೂ ಬ್ರೇಕ್ ಸಡಿಲ ಆಗಿದೆ ಅಂದರೆ ಬೇರೆ ಏನೋ ಕೆಟ್ಟಿದೆ, ಸ್ಪ್ಯಾನರ್ ಹಾಕಿ ಬಿಗಿ ಮಾಡಿ ಮರೆಯಬೇಡ ಅಂತ. ವರ್ಕ್‌ಶಾಪಿನಲ್ಲಿ ಬಿಚ್ಚಿಸಿದಾಗ ಕ್ಯಾಮ್ ಬುಶಿಂಗ್ (ಬ್ರೇಕಿನ ಕ್ಯಾಮ್ ದಂಡವನ್ನು ಹಿಡಿದಿಡುವ ಭಾಗ) ಪೂರ್ತಿ ಸವೆದಿತ್ತು. ಅದರ ಮುಂದಿನ ವಾರವೇ ಅದೇ ಟ್ರೇಲರಿನಲ್ಲಿ ಲೋಡ್ ತುಂಬಿಕೊಂಡು ಒರೆಗಾನಿನ ಕ್ಯಾಬೇಜ್ ಹಿಲ್ ಇಳಿದೆ. ಅಲ್ಲಿ ಶೇ. 6ರ ಇಳಿಜಾರು, ನಡುವೆ ಹೇರ್‌ಪಿನ್ ತಿರುವುಗಳು. ಆ ಸೀಮೆಸುಣ್ಣದ ಗೆರೆ ಪೂರ್ತಿ ದಾರಿ ಕಣ್ಣ ಮುಂದೆ ಇತ್ತು.

ಇನ್ನು ಲೆಕ್ಕದ ಲಾಭ. ಟ್ರಕ್ ಸುರಕ್ಷತೆ ನೋಡಿಕೊಳ್ಳುವ ಅಮೆರಿಕದ ಕೇಂದ್ರ ಸಂಸ್ಥೆ ಎಫ್‌ಎಂಸಿಎಸ್‌ಎ, ಕಂಪನಿಯ ಸುರಕ್ಷತಾ ಅಂಕಗಳಿಗೆ ಹಿಂದಿನ 24 ತಿಂಗಳ ತಪಾಸಣೆಗಳನ್ನು ನೋಡುತ್ತದೆ. ಸಣ್ಣ ಕಂಪನಿಗೆ ತಪಾಸಣೆಗಳೇ ಕಡಿಮೆ ಇರುವುದರಿಂದ ಒಂದು ಕೆಟ್ಟ ವರದಿ ದೊಡ್ಡದಾಗಿ ಕಾಣುತ್ತದೆ, ಒಂದು ಕ್ಲೀನ್ ವರದಿಯೂ ಅಷ್ಟೇ ನೆರವಾಗುತ್ತದೆ. ನಿಮಗೂ ಲಾಭ ಇದೆ. ಮುಂದೆ ಕೆಲಸ ಕೊಡುವವರು ಪಿಎಸ್‌ಪಿ (ಡ್ರೈವರಿನ ತಪಾಸಣೆ, ಅಪಘಾತಗಳ ಸರ್ಕಾರಿ ದಾಖಲೆ) ತೆಗೆಸಿದರೆ ನಿಮ್ಮ 3 ವರ್ಷದ ತಪಾಸಣೆಗಳು ಅದರಲ್ಲಿ ಇರುತ್ತವೆ. ಲೆವೆಲ್ 1 ಪಾಸಾದರೆ ಸಿಗುವ ಸಿವಿಎಸ್‌ಎ (ಈ ತಪಾಸಣೆಯ ಮಾನದಂಡ ರೂಪಿಸುವ ಸಂಘ) ಸ್ಟಿಕ್ಕರ್ ಆ ತಿಂಗಳು ಮತ್ತು ಮುಂದಿನ ಎರಡು ತಿಂಗಳು ನಡೆಯುತ್ತದೆ. ಅದಿದ್ದರೆ ಮತ್ತೆ ನಿಲ್ಲಿಸುವುದು ಕಡಿಮೆ, ನಿಲ್ಲಿಸುವುದೇ ಇಲ್ಲ ಅಂತಲ್ಲ.

ಹೋಗುವ ಮುಂಚೆ ನಿಮ್ಮ ಕಂಪನಿಗೆ ಹೇಳಿ, ಅಂಕ ಬೀಳುವುದು ಅವರ ಹೆಸರಿಗೂ. ಸ್ಕೇಲ್ ಖಾಲಿ ಇರುವ ಹೊತ್ತು ನೋಡಿ ಹೋಗಿ. ವರ್ಷಕ್ಕೊಮ್ಮೆ 72 ಗಂಟೆ ನಡೆಯುವ ರೋಡ್‌ಚೆಕ್ ಅನ್ನುವ ತಪಾಸಣಾ ಅಭಿಯಾನದ ಸಮಯದಲ್ಲಂತೂ ಬೇಡ. ಹೆಚ್ಚುಕಡಿಮೆ ಒಂದು ಗಂಟೆ ಹಿಡಿಯುತ್ತದೆ, ಅದು ದಿನದ ಕೆಲಸಕ್ಕೆ ಇರುವ ನಿಮ್ಮ 14 ಗಂಟೆಯಲ್ಲೇ ಕಳೆಯುತ್ತದೆ. ಡೆಲಿವರಿ ತುರ್ತಾಗಿದ್ದರೆ ಇನ್ನೊಂದು ದಿನ ನೋಡಿ. ಬ್ಯುಸಿ ಇದ್ದರೆ ಅವರು ಆಗಲ್ಲ ಅನ್ನಬಹುದು, ಬೇಜಾರು ಮಾಡಿಕೊಳ್ಳಬೇಡಿ. ಟೈರಿನ ಗೆರೆಗಳ ಆಳ ನೀವೇ ಅಳೆದುಕೊಳ್ಳಿ: ಮುಂದಿನವು ಕನಿಷ್ಠ 4/32 ಇಂಚು, ಉಳಿದವು 2/32. ಫೈರ್ ಎಕ್ಸ್‌ಟಿಂಗ್ವಿಶರ್, ಮೂರು ಎಚ್ಚರಿಕೆ ತ್ರಿಕೋನಗಳು ಜಾಗದಲ್ಲಿವೆಯಾ ನೋಡಿ. ಇನ್ನೊಂದು ವಿಷಯ, ಎಲ್ಲ ಸರಿ ಇದ್ದಾಗ ಕೆಲವರು "ಓಕೆ, ಹೋಗು" ಅಂದುಬಿಡುತ್ತಾರೆ. ಆಗ ಕ್ಲೀನ್ ವರದಿ ಬರೆದುಕೊಡಿ ಅಂತ ಮರ್ಯಾದೆಯಿಂದ ಕೇಳಿ. ವರದಿ ಇಲ್ಲದಿದ್ದರೆ ಅದು ಎಲ್ಲೂ ಲೆಕ್ಕಕ್ಕೆ ಸೇರುವುದಿಲ್ಲ.

ಆದರೆ ಆ ಎಬಿಎಸ್ ಲೈಟು ಉರಿಯುತ್ತಿರುವಾಗ ಹೋಗಬೇಡಿ, ಅದನ್ನು ಖಂಡಿತ ಬರೆಯುತ್ತಾರೆ. ತಪಾಸಣೆ ಇರಲಿ, ಬಿಡಲಿ, ಮೊದಲು ಆ ಟ್ರೇಲರನ್ನು ವರ್ಕ್‌ಶಾಪಿಗೆ ಬಿಡಿ. "ಸೆನ್ಸರ್ ಅಷ್ಟೇ, ಓಡಿಸು" ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ.