ಮಕ್ಕಳ ಲೂಪಸ್, ಮಕ್ಕಳ ಸಂಧಿವಾತ: ನಿಮ್ಮ ಪ್ರಶ್ನೆಗಳಿಗೆ ತಜ್ಞರ ಉತ್ತರ

ಪ್ರಶ್ನೆ: ನಮ್ಮ ಮಗಳಿಗೆ 11 ವರ್ಷ. ಲೂಪಸ್ ಎಂದು ಗೊತ್ತಾಗಿ ನಾಲ್ಕು ತಿಂಗಳಾಯಿತು. ಜ್ವರ, ಕೀಲುನೋವು, ಕೆನ್ನೆಯ ಮೇಲಿನ ಕೆಂಪು ಎಲ್ಲ ಇಳಿದು ಈಗ ಲವಲವಿಕೆಯಿಂದ ಇದ್ದಾಳೆ. ಆದರೂ ಹೋದಾಗಲೆಲ್ಲ ಮೂತ್ರ ಪರೀಕ್ಷೆ ಬರೆದುಕೊಡುತ್ತಾರೆ. ಅದು ಪ್ರತಿ ಸಲವೂ ಬೇಕೇ?

ಉತ್ತರ: ಬೇಕು. ಬೇರೆ ಯಾವ ಪರೀಕ್ಷೆ ತಪ್ಪಿದರೂ ಇದೊಂದು ತಪ್ಪಬಾರದು. ಲೂಪಸ್ ಅಂದರೆ ದೇಹದ ರೋಗನಿರೋಧಕ ಶಕ್ತಿ ತನ್ನದೇ ಅಂಗಗಳ ಮೇಲೆ ತಿರುಗಿಬೀಳುವ ಕಾಯಿಲೆ. ದೊಡ್ಡವರಿಗಿಂತ ಮಕ್ಕಳಲ್ಲಿ ಅದು ಕಿಡ್ನಿಗೆ ತಗಲುವುದು ಹೆಚ್ಚು. ಸುಮಾರು ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಮಕ್ಕಳಲ್ಲಿ ಹೀಗಾಗುತ್ತದೆ, ಅದೂ ಬಹಳ ಮಟ್ಟಿಗೆ ಮೊದಲ 2 ವರ್ಷಗಳೊಳಗೆ. ಕಿಡ್ನಿಯ ಉರಿಯೂತ ನೋವು ಕೊಡುವುದಿಲ್ಲ. ಕಣ್ಣಿನ ಸುತ್ತ ಊದಿಕೊಂಡು, ಮೂತ್ರದಲ್ಲಿ ನೊರೆ ನಿಲ್ಲುವುದು ಕಣ್ಣಿಗೆ ಬೀಳುವ ಹೊತ್ತಿಗೆ ಸಾಕಷ್ಟು ಹಾನಿ ಆಗಿರಬಹುದು. ಮಗಳು ಓಡಾಡಿಕೊಂಡು ಇರುವುದು ಸಂತೋಷದ ವಿಷಯವೇ, ಆದರೆ ಅದರಿಂದ ಕಿಡ್ನಿಯ ಸ್ಥಿತಿ ತಿಳಿಯುವುದಿಲ್ಲ.

ಮಾದರಿ ಹಿಡಿಯುವ ಕ್ರಮವೂ ಮುಖ್ಯ. ಮಲಗುವ ಮುಂಚೆ ಮೂತ್ರ ಮಾಡಿಸಿ. ಬೆಳಿಗ್ಗೆ ಎದ್ದ ಕೂಡಲೇ ಮಾಡುವ ಮೂತ್ರದಲ್ಲಿ ಮೊದಲ ಸ್ವಲ್ಪ ಬಿಟ್ಟು ನಡುವಿನದನ್ನು ಶುಚಿಯಾದ ಡಬ್ಬಿಯಲ್ಲಿ ಹಿಡಿದು, 2 ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಿ. ಮಧ್ಯಾಹ್ನದ ಮಾದರಿ ಏಕೆ ಸಲ್ಲದು ಅಂದರೆ, ದಿನವಿಡೀ ನಿಂತು ಓಡಾಡಿದಾಗ ಆರೋಗ್ಯವಂತ ಹದಿಹರೆಯದವರಲ್ಲೂ ಕೆಲವರಿಗೆ ಪ್ರೋಟೀನ್ ಸೋರುತ್ತದೆ. ಮುಟ್ಟಿನ ದಿನಗಳಲ್ಲಿ ರಕ್ತಕಣ ಬೆರೆತು ವರದಿ ದಾರಿ ತಪ್ಪಿಸುತ್ತದೆ, ಹಾಗಿದ್ದರೆ ಮೊದಲೇ ಹೇಳಿ. ವರದಿಯಲ್ಲಿ ‘ಪ್ಲಸ್’ ಗುರುತು ಮಾತ್ರ ನೋಡಿ ಸುಮ್ಮನಾಗಬೇಡಿ. ಪ್ರೋಟೀನ್-ಕ್ರಿಯಾಟಿನಿನ್ ಅನುಪಾತದ (ಕಿಡ್ನಿ ಎಷ್ಟು ಪ್ರೋಟೀನ್ ಸೋರಿಸುತ್ತಿದೆ ಎಂಬ ಅಳತೆ) ಅಂಕಿ ಕೇಳಿ, ಬರೆದಿಟ್ಟುಕೊಳ್ಳಿ. ಸಾಮಾನ್ಯವಾಗಿ ಅದು 0.2ಕ್ಕಿಂತ ಕೆಳಗಿರುತ್ತದೆ. 0.5 ದಾಟಿ ಅಲ್ಲೇ ನಿಂತರೆ ವೈದ್ಯರು ಬಯಾಪ್ಸಿಯ (ಸೂಜಿಯಿಂದ ಕಿಡ್ನಿಯ ಚೂರು ತೆಗೆದು ಪರೀಕ್ಷಿಸುವುದು) ಮಾತು ಎತ್ತುತ್ತಾರೆ. ಆಗ ಹೆದರಿ ಮುಂದೂಡಬೇಡಿ. ಯಾವ ಬಗೆಯ ಹಾನಿ ಎಂದು ಬಯಾಪ್ಸಿಯಿಂದ ತಿಳಿಯದೆ ಎಷ್ಟು ಬಲವಾದ ಔಷಧಿ ಬೇಕೆಂದು ನಿರ್ಧರಿಸುವುದು ಕಷ್ಟ.

ಬಿ.ಪಿ.ಯನ್ನೂ ಪ್ರತಿ ಸಲ ನೋಡಿಸಿ. ತೋಳಿಗೆ ಸುತ್ತುವ ಪಟ್ಟಿ ಚಿಕ್ಕದಾದರೆ ಅಂಕಿ ಸುಳ್ಳಾಗಿ ಏರುತ್ತದೆ, ದೊಡ್ಡದಾದರೆ ಇಳಿಯುತ್ತದೆ. 13 ವರ್ಷದೊಳಗಿನ ಮಕ್ಕಳ ಬಿ.ಪಿ.ಯನ್ನು ವಯಸ್ಸು, ಲಿಂಗ, ಎತ್ತರಕ್ಕೆ ಹೋಲಿಸಿ ಅಳೆಯಬೇಕು. ದೊಡ್ಡವರ 120/80ರ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಪ್ರಶ್ನೆ: 6 ವರ್ಷದ ಮಗ ರಾತ್ರಿ ಕಾಲುನೋವೆಂದು ಅಳುತ್ತಾನೆ. ರಕ್ತಪರೀಕ್ಷೆಯಲ್ಲಿ ಎಎನ್‌ಎ 1:80 ಪಾಸಿಟಿವ್ ಬಂದಿದೆ. ಇದು ಲೂಪಸ್ಸೇ?

ಉತ್ತರ: ಇಷ್ಟರಿಂದಲೇ ಲೂಪಸ್ ಎನ್ನಲಾಗದು. ಎಎನ್‌ಎ ಅಂದರೆ ದೇಹ ತನ್ನದೇ ಜೀವಕೋಶಗಳ ವಿರುದ್ಧ ಮಾಡುವ ಪ್ರತಿಕಾಯಗಳನ್ನು ಹುಡುಕುವ ರಕ್ತಪರೀಕ್ಷೆ. ಲೂಪಸ್ ಇರುವ ಬಹುತೇಕ ಎಲ್ಲ ಮಕ್ಕಳಲ್ಲೂ ಎಎನ್‌ಎ ಪಾಸಿಟಿವ್ ಇರುತ್ತದೆ, ನಿಜ. ಆದರೆ ಏನೂ ಕಾಯಿಲೆಯಿಲ್ಲದ ಎಷ್ಟೋ ಮಕ್ಕಳಲ್ಲೂ ಈ ಮಟ್ಟದ ಅಂಕಿ ಬರುತ್ತದೆ. ಮತ್ತೆ ಮತ್ತೆ ಮಾಡಿಸಿದರೆ ಹೊಸದೇನೂ ತಿಳಿಯುವುದಿಲ್ಲ, ಮನೆಯವರ ನಿದ್ದೆ ಕೆಡುತ್ತದೆ ಅಷ್ಟೆ.

ಅದಕ್ಕಿಂತ ಬೆಳಿಗ್ಗೆ ಅವನು ಹೇಗೆ ಏಳುತ್ತಾನೆ ನೋಡಿ. ಎರಡೂ ಕಾಲು ಸಂಜೆ ಅಥವಾ ರಾತ್ರಿ ನೋಯುತ್ತಿದ್ದು, ತಿಕ್ಕಿದರೆ ಹಾಯೆನಿಸಿ, ಬೆಳಿಗ್ಗೆ ಏನೂ ಆಗದವನಂತೆ ಓಡಿದರೆ ಅದು ಸಾಮಾನ್ಯವಾಗಿ ಬೆಳೆಯುವ ಮಕ್ಕಳ ನೋವು. ಸಂಧಿವಾತದಲ್ಲಿ ಇದು ತಿರುಗುಮುರುಗು: ಎದ್ದಾಗ ಮೈ ಬಿಗಿದಿರುತ್ತದೆ, ಕುಂಟುತ್ತಾನೆ, ಹೊತ್ತೇರಿದಂತೆ ಸಡಿಲವಾಗುತ್ತದೆ. ಕೀಲು ಊದಿ 6 ವಾರ ಮೀರಿದರೆ ಮಕ್ಕಳ ಸಂಧಿವಾತ ತಜ್ಞರಿಗೆ ತೋರಿಸಲೇಬೇಕು. ಒಂದೇ ಕಾಲಿನ ಒಂದೇ ಜಾಗದ ನೋವು, ಮೂಳೆ ಮುಟ್ಟಿದರೆ ಸಹಿಸದಿರುವುದು, ಜ್ವರ, ಬಿಳಿಚಿಕೊಳ್ಳುವುದು, ತೂಕ ಇಳಿಯುವುದು ಇದ್ದರೆ ಅಷ್ಟು ದಿನ ಕಾಯಬಾರದು. ರಕ್ತದ ಕ್ಯಾನ್ಸರ್ ಕೂಡ ಮಕ್ಕಳಲ್ಲಿ ಮೊದಲು ಕಾಲುನೋವಾಗಿಯೇ ಕಾಣಿಸಿಕೊಳ್ಳಬಹುದು. ಅದು ಇಲ್ಲವೆಂದು ಖಚಿತವಾಗುವ ಮುಂಚೆ ಸ್ಟಿರಾಯ್ಡ್ ಕೊಟ್ಟರೆ ರೋಗ ಮರೆಯಾಗಿ, ಪತ್ತೆ ತಡವಾಗುತ್ತದೆ.

ಪ್ರಶ್ನೆ: 4 ವರ್ಷದ ಮಗಳಿಗೆ ಒಂದು ಮಂಡಿಯಲ್ಲಿ ಮಾತ್ರ ಸಂಧಿವಾತ. ಎಎನ್‌ಎ ಪಾಸಿಟಿವ್. ಕಣ್ಣು ಚೆನ್ನಾಗಿಯೇ ಕಾಣುತ್ತದೆ, ಕೆಂಪಿಲ್ಲ, ನೀರಿಲ್ಲ. ಆದರೂ 3 ತಿಂಗಳಿಗೊಮ್ಮೆ ಕಣ್ಣಿನ ವೈದ್ಯರ ಹತ್ತಿರ ಕಳಿಸುತ್ತಾರೆ.

ಉತ್ತರ: ಕಣ್ಣು ಕೆಂಪಾಗದಿರುವುದೇ ಈ ಕಾಯಿಲೆಯ ಅಪಾಯ. ಚಿಕ್ಕ ವಯಸ್ಸಿನಲ್ಲಿ, ಕೆಲವೇ ಕೀಲುಗಳಲ್ಲಿ ಶುರುವಾಗಿ, ಎಎನ್‌ಎ ಪಾಸಿಟಿವ್ ಇರುವ ಮಕ್ಕಳಲ್ಲಿ ಕಣ್ಣಿನೊಳಗಿನ ಉರಿಯೂತ (ಯೂವಿಯೈಟಿಸ್) ಸದ್ದಿಲ್ಲದೆ ಬರುತ್ತದೆ. ಟಾರ್ಚ್ ಬಿಟ್ಟು ನೋಡಿದರೆ ಕಾಣುವುದಿಲ್ಲ, ಸ್ಲಿಟ್ ಲ್ಯಾಂಪ್ ಎಂಬ ಕಣ್ಣಿನ ಸೂಕ್ಷ್ಮದರ್ಶಕ ಬೇಕು. 4 ವರ್ಷದ ಮಗು ‘ಮಂಜಾಗಿ ಕಾಣುತ್ತದೆ’ ಎಂದು ಹೇಳುವುದಿಲ್ಲ, ಒಂದು ಕಣ್ಣಿನಲ್ಲೇ ನೋಡುವುದಕ್ಕೆ ಒಗ್ಗಿಕೊಂಡುಬಿಡುತ್ತದೆ. ಬಿಟ್ಟರೆ ಪಾಪೆ ಅಂಟಿಕೊಂಡು ಆಕಾರ ಕೆಡುತ್ತದೆ, ಪೊರೆ ಬರುತ್ತದೆ, ಕಣ್ಣಿನ ಒತ್ತಡ ಏರುತ್ತದೆ.

ನಿಮ್ಮ ಮಗಳಂಥವರಿಗೆ ಮೊದಲ 4 ವರ್ಷ 3 ತಿಂಗಳಿಗೊಮ್ಮೆ, ಆಮೇಲೆ ಅಂತರ ಹೆಚ್ಚಿಸುತ್ತಾ ಹೋಗುವುದು ರೂಢಿ. ಮಂಡಿ ಪೂರ್ತಿ ವಾಸಿಯಾದರೂ ಕಣ್ಣಿನ ತಪಾಸಣೆ ನಿಲ್ಲಿಸಬೇಡಿ, ಕೀಲಿಗೂ ಕಣ್ಣಿಗೂ ತಾಳೆ ಇರುವುದಿಲ್ಲ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಔಷಧಿ ನಿಲ್ಲಿಸಿದ ಮೇಲಿನ ತಿಂಗಳುಗಳಲ್ಲಂತೂ ಹೆಚ್ಚು ಎಚ್ಚರ ಬೇಕು. ಹಾಗೆಯೇ ವರ್ಷಕ್ಕೊಮ್ಮೆ ಎರಡೂ ಕಾಲುಗಳ ಉದ್ದ ಅಳೆಸಿ. ಉರಿಯೂತವಿರುವ ಮಂಡಿಗೆ ರಕ್ತದ ಹರಿವು ಹೆಚ್ಚಿ ಆ ಕಾಲು ಉದ್ದ ಬೆಳೆಯುವುದುಂಟು.

ಲೂಪಸ್ ಮಕ್ಕಳ ಹೆತ್ತವರಿಗೆ ಇಲ್ಲೊಂದು ಮಾತು: ಹೈಡ್ರಾಕ್ಸಿಕ್ಲೋರೊಕ್ವಿನ್ ತೆಗೆದುಕೊಳ್ಳುವವರ ಕಣ್ಣಿನ ಪರೀಕ್ಷೆ ಬೇರೆ, ಅದು ಕಣ್ಣಿನ ಹಿಂಭಾಗದ ಪದರವಾದ ಅಕ್ಷಿಪಟಲದ್ದು. ಮಾತ್ರೆ ಶುರುವಾದ ಮೊದಲ ವರ್ಷದೊಳಗೆ ಒಮ್ಮೆ ಮಾಡಿಸಿ, 5 ವರ್ಷವಾದ ಮೇಲೆ ಪ್ರತಿ ವರ್ಷ. ಕಿಡ್ನಿ ದುರ್ಬಲವಾಗಿದ್ದರೆ ಇನ್ನೂ ಬೇಗ. ಡೋಸ್ ದಿನಕ್ಕೆ ಒಂದು ಕೆ.ಜಿ. ತೂಕಕ್ಕೆ 5 ಮಿ.ಗ್ರಾಂ. ಮೀರದಂತೆ ನೋಡಿಕೊಳ್ಳುತ್ತಾರೆ, ಆದ್ದರಿಂದ ತೂಕ ಬದಲಾದಂತೆ ಮರುಲೆಕ್ಕ ಹಾಕಬೇಕಾಗುತ್ತದೆ.

ಪ್ರಶ್ನೆ: ವಾರಕ್ಕೊಮ್ಮೆಯ ಮೆಥೊಟ್ರೆಕ್ಸೇಟ್ ಅಂದರೆ ಸಾಕು, ಮಗ ಡಬ್ಬಿ ನೋಡಿಯೇ ವಾಂತಿ ಮಾಡುತ್ತಾನೆ.

ಉತ್ತರ: ಇದು ಹಟವಲ್ಲ. ಕೆಲವು ತಿಂಗಳಾದ ಮೇಲೆ ಎಷ್ಟೋ ಮಕ್ಕಳಿಗೆ ಹೀಗಾಗುತ್ತದೆ. ಬೈದರೆ ಹೆಚ್ಚುತ್ತದೆ. ಡಬ್ಬಿ ಕಣ್ಣಿಗೆ ಬೀಳದಂತೆ ಇಡಿ, ಹಿಂದಿನ ದಿನವೇ ನೆನಪಿಸಬೇಡಿ. ರಾತ್ರಿ ಮಲಗುವ ಮುಂಚೆ, ಮರುದಿನ ರಜೆಯಿರುವಂತೆ ಕೊಡಿ. ಅಡ್ಡಪರಿಣಾಮ ತಗ್ಗಿಸುವ ಫೋಲಿಕ್ ಆಸಿಡ್ ಮಾತ್ರೆ ಯಾವ ದಿನ ಎಂದು ವೈದ್ಯರು ಬರೆದಂತೆಯೇ ಕೊಡಿ. ವಾಂತಿ ತಡೆಯುವ ಮಾತ್ರೆಯನ್ನು ವಾಂತಿ ಶುರುವಾಗುವ ಮುಂಚೆಯೇ ಕೊಡಬೇಕು, ಕೇಳಿ ಬರೆಸಿಕೊಳ್ಳಿ. ಇಷ್ಟಕ್ಕೂ ಬಗ್ಗದಿದ್ದರೆ ಚರ್ಮದಡಿಯ ಇಂಜೆಕ್ಷನ್‌ಗೆ ಬದಲಿಸಬಹುದು.

ಈ ಮಾತ್ರೆ ವಾರಕ್ಕೆ ಒಮ್ಮೆ ಮಾತ್ರ ಎಂಬುದನ್ನು ಮನೆಯಲ್ಲಿ ಎಲ್ಲರೂ ತಿಳಿದಿರಬೇಕು. ದಿನಾ ಕೊಟ್ಟುಬಿಟ್ಟರೆ ಬಾಯಿ ಹುಣ್ಣಾಗುತ್ತದೆ, ರಕ್ತಕಣಗಳು ಕುಸಿಯುತ್ತವೆ, ಪ್ರಾಣಕ್ಕೇ ಅಪಾಯ. ಡಬ್ಬಿಯ ಮೇಲೆ ವಾರದ ದಿನದ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ.

ಪ್ರಶ್ನೆ: 14 ವರ್ಷದ ಮಗಳು ಮುಖ ಊದಿತೆಂದು ಸ್ಟಿರಾಯ್ಡ್ ಮಾತ್ರೆಗಳನ್ನು ಗುಟ್ಟಾಗಿ ಎಸೆಯುತ್ತಿದ್ದಳೆಂದು ಗೊತ್ತಾಯಿತು.

ಉತ್ತರ: ಇಂದೇ ವೈದ್ಯರಿಗೆ ತಿಳಿಸಿ, ಎಷ್ಟು ದಿನದಿಂದ ಎಂಬುದನ್ನೂ ಹೇಳಿ. ಕೆಲವು ವಾರ ಸ್ಟಿರಾಯ್ಡ್ ತೆಗೆದುಕೊಂಡ ದೇಹ ತನ್ನದೇ ಕಾರ್ಟಿಸೋಲ್ (ದೇಹವೇ ಮಾಡಿಕೊಳ್ಳುವ ಸ್ಟಿರಾಯ್ಡ್) ತಯಾರಿಯನ್ನು ತಗ್ಗಿಸಿರುತ್ತದೆ. ಒಮ್ಮೆಲೇ ನಿಲ್ಲಿಸಿದಾಗ ಜ್ವರವೋ ವಾಂತಿಭೇದಿಯೋ ಬಂದರೆ ಬಿ.ಪಿ., ಸಕ್ಕರೆ ಎರಡೂ ಕುಸಿಯಬಹುದು. ಅವಳು ಮಾತ್ರೆ ಎಸೆಯುತ್ತಿದ್ದುದು ಗೊತ್ತಿಲ್ಲದ ವೈದ್ಯರು ಔಷಧಿ ಸಾಲುತ್ತಿಲ್ಲವೆಂದು ಭಾವಿಸಿ ಡೋಸ್ ಏರಿಸುವ ಅಪಾಯವೂ ಇದೆ.

ಮುಖದ ವಿಷಯವನ್ನು ‘ಅದೇನು ಮಹಾ’ ಎಂದು ತಳ್ಳಿಹಾಕಬೇಡಿ. ಆ ವಯಸ್ಸಿಗೆ ಅದು ದೊಡ್ಡದೇ. ಡೋಸ್ ಇಳಿದಂತೆ ಊತವೂ ಇಳಿಯುತ್ತದೆ. ಮೈಕೊಫೆನೊಲೇಟ್‌ನಂಥ ಔಷಧಿ ಸೇರಿಸುವ ಒಂದು ಉದ್ದೇಶವೇ ಸ್ಟಿರಾಯ್ಡನ್ನು ಬೇಗ ತಗ್ಗಿಸುವುದು. ಇಳಿಸುವ ವೇಳಾಪಟ್ಟಿಯನ್ನು ವೈದ್ಯರು ನಿಮಗಲ್ಲ, ಅವಳಿಗೇ ಕೊಡಲಿ. ಪ್ರತಿ ಭೇಟಿಯಲ್ಲಿ ಸ್ವಲ್ಪ ಹೊತ್ತು ಅವಳೊಬ್ಬಳೇ ವೈದ್ಯರ ಜೊತೆ ಮಾತಾಡಲಿ. ಮೈಕೊಫೆನೊಲೇಟ್, ಮೆಥೊಟ್ರೆಕ್ಸೇಟ್ ಎರಡೂ ಗರ್ಭದ ಶಿಶುವಿಗೆ ಹಾನಿಕರ ಎಂಬುದೂ ಅವಳಿಗೆ ನೇರವಾಗಿ ತಿಳಿಯಬೇಕಾದ ವಿಷಯ.

ಪ್ರಶ್ನೆ: ಈ ಔಷಧಿಗಳ ಜೊತೆ ಲಸಿಕೆ ಹಾಕಿಸಬಹುದೇ?

ಉತ್ತರ: ನಿಷ್ಕ್ರಿಯ ಲಸಿಕೆಗಳನ್ನು ಹಾಕಿಸಬಹುದು, ಹಾಕಿಸಬೇಕು. ಫ್ಲೂ, ನ್ಯುಮೊಕಾಕಲ್ ಎರಡೂ ಮುಖ್ಯ. ದಡಾರ-ಮಂಗನಬಾವು-ರುಬೆಲ್ಲಾ, ಚಿಕನ್‌ಪಾಕ್ಸ್, ಬಾಯಿಗೆ ಹಾಕುವ ಪೋಲಿಯೊ ಇವು ಜೀವಂತ ಲಸಿಕೆಗಳು, ತಜ್ಞರನ್ನು ಕೇಳದೆ ಬೇಡ. ದಿನಕ್ಕೆ 20 ಮಿ.ಗ್ರಾಂ. ಅಥವಾ ಕೆ.ಜಿ.ಗೆ 2 ಮಿ.ಗ್ರಾಂ. ಪ್ರೆಡ್ನಿಸೊಲೋನ್ (ಸ್ಟಿರಾಯ್ಡ್ ಮಾತ್ರೆ) 14 ದಿನ ಅಥವಾ ಅದಕ್ಕೂ ಹೆಚ್ಚು ತೆಗೆದುಕೊಂಡಿದ್ದರೆ, ವೈದ್ಯರು ಅದನ್ನು ನಿಲ್ಲಿಸಿ ಕನಿಷ್ಠ ಒಂದು ತಿಂಗಳಾದ ಮೇಲಷ್ಟೇ ಜೀವಂತ ಲಸಿಕೆ. ಚಿಕನ್‌ಪಾಕ್ಸ್ ಬಂದ ಮಗುವಿನ ಜೊತೆ ಆಡಿದ್ದು ತಿಳಿದರೆ ಗುಳ್ಳೆ ಏಳಲಿ ಎಂದು ಕಾಯದೆ ಅದೇ ದಿನ ಫೋನ್ ಮಾಡಿ.

ಪ್ರಶ್ನೆ: ಮಕ್ಕಳ ಸಂಧಿವಾತ ತಜ್ಞರು ನಮಗೆ ತುಂಬ ದೂರ. ಹತ್ತಿರದ ಮಕ್ಕಳ ವೈದ್ಯರೇ ಸಾಲದೇ?

ಉತ್ತರ: ಇಬ್ಬರೂ ಬೇಕು. ಔಷಧಿಯ ಯೋಜನೆ ತಜ್ಞರದು. ನಡುವಿನ ರಕ್ತ-ಮೂತ್ರ ಪರೀಕ್ಷೆ, ಬಿ.ಪಿ., ಎತ್ತರ-ತೂಕ ಹತ್ತಿರದವರದು. ಒಂದೇ ಹಾಳೆಯಲ್ಲಿ ರೋಗದ ಹೆಸರು, ಈಗಿನ ಔಷಧಿ ಮತ್ತು ಡೋಸ್, ಕೊನೆಯ ಪ್ರೋಟೀನ್ ಅನುಪಾತ, ಕ್ರಿಯಾಟಿನಿನ್, ತಜ್ಞರ ಫೋನ್ ಬರೆದು ಸದಾ ಜೊತೆಯಲ್ಲಿಡಿ. ರಾತ್ರಿಹೊತ್ತು ಗೊತ್ತಿಲ್ಲದ ವೈದ್ಯರೆದುರು ನಿಂತಾಗ ದಪ್ಪ ಫೈಲಿಗಿಂತ ಆ ಹಾಳೆ ಉಪಯೋಗಕ್ಕೆ ಬರುತ್ತದೆ.

38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಸ್ಟಿರಾಯ್ಡ್ ಹೊಟ್ಟೆಯಲ್ಲಿ ನಿಲ್ಲದಷ್ಟು ವಾಂತಿ, ಉಸಿರಾಟದ ತೊಂದರೆ, ಎದೆನೋವು, ಫಿಟ್ಸ್, ಮಾತು ಅಥವಾ ವರ್ತನೆಯಲ್ಲಿ ಹಠಾತ್ ಬದಲಾವಣೆ, ಮೂತ್ರ ಕಡಿಮೆಯಾಗಿ ಮುಖ ಊದುವುದು: ಇವುಗಳಲ್ಲಿ ಯಾವುದಕ್ಕೂ ಮುಂದಿನ ಭೇಟಿಯ ತನಕ ಕಾಯುವಂತಿಲ್ಲ. ಬಿಡದ ಜ್ವರದ ಜೊತೆ ಪ್ಲೇಟ್‌ಲೆಟ್ ಇಳಿದು, ಫೆರಿಟಿನ್ (ಕಬ್ಬಿಣ ಶೇಖರಿಸುವ ಪ್ರೋಟೀನ್) ಬಹಳ ಏರಿ, ಇಎಸ್‌ಆರ್ (ಉರಿಯೂತ ಅಳೆಯುವ ರಕ್ತಪರೀಕ್ಷೆ) ಮಾತ್ರ ಇಳಿಯುತ್ತಿದ್ದರೆ ರೋಗ ತಗ್ಗಿತೆಂದು ತಿಳಿಯಬಾರದು. ರೋಗನಿರೋಧಕ ಕಣಗಳು ಹತೋಟಿ ತಪ್ಪಿದಾಗಲೂ ವರದಿ ಹೀಗೆಯೇ ಬರುತ್ತದೆ. ಆ ಹೊತ್ತಿನಲ್ಲಿ ಹತ್ತಿರದ ವೈದ್ಯರು ಅಲ್ಲಿಂದಲೇ ತಜ್ಞರಿಗೆ ಫೋನ್ ಮಾಡಿ ಮಾತಾಡಲಿ, ಮಗುವನ್ನು ಅದೇ ದಿನ ತೀವ್ರ ನಿಗಾ ಘಟಕವಿರುವ ಆಸ್ಪತ್ರೆಗೆ ಸಾಗಿಸಿ.