ಪೊಟ್ಯಾಸಿಯಂ ಜಾಸ್ತಿ ಬಂದಿದೆ, ಬೊಂಡ (ಎಳನೀರು) ಬಿಡಬೇಕಾ?

ಪ್ರಶ್ನೆ: ಮಾವನಿಗೆ 68 ವರ್ಷ. ಬಿ.ಪಿ.ಗೆ ಟೆಲ್ಮಿಸಾರ್ಟನ್ ತಗೊಳ್ತಾರೆ. ಮೊನ್ನೆ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋತರೆ ಏರುವ ಲೆಕ್ಕ) 1.8, ಪೊಟ್ಯಾಸಿಯಂ 5.6 ಬಂತು. ತೋಟದ ಬೊಂಡ ದಿನಾ ಕುಡಿಯುತ್ತಾರೆ. ಬಿ.ಪಿ.ಗೆ ಒಳ್ಳೆಯದು ಅಂತ ಅಡುಗೆಗೆ ಸೋಡಿಯಂ ಕಡಿಮೆ ಇರುವ ಉಪ್ಪನ್ನೇ ಹಾಕುತ್ತಿದ್ದೇವೆ. ಬೊಂಡ ನಿಲ್ಲಿಸಬೇಕಾ? ನಾವೂ ಬಾಳೆಹಣ್ಣು ಬಿಡಬೇಕಾ?
– ಓದುಗರು, ಬದಿಯಡ್ಕ

ಉತ್ತರ: ಮೊದಲು ಆ ಉಪ್ಪಿನ ಪ್ಯಾಕೆಟ್ ತಿರುಗಿಸಿ ಓದಿ. ಪೊಟ್ಯಾಸಿಯಂ ಕ್ಲೋರೈಡ್ ಅಂತ ಬರೆದಿರುತ್ತದೆ, ಸೋಡಿಯಂ ಕಡಿಮೆ ಮಾಡಿದ ಜಾಗಕ್ಕೆ ಸಾಮಾನ್ಯವಾಗಿ ಅದನ್ನೇ ಸೇರಿಸುವುದು. ಕಾಲು ಪಾಲು ಅದೇ ಇರುವ ಉಪ್ಪು ದಿನಕ್ಕೆ 5 ಗ್ರಾಂ ತಿಂದರೆ ಸುಮಾರು 650 ಮಿ.ಗ್ರಾಂ ಪೊಟ್ಯಾಸಿಯಂ ಹೊಟ್ಟೆಗೆ ಹೋಯಿತು. ಒಂದು ಬೊಂಡದ ನೀರಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಬೊಂಡ ಎಲ್ಲರ ಕಣ್ಣಿಗೆ ಬೀಳುತ್ತದೆ, ಸಾರಿಗೆ ಹಾಕಿದ ಉಪ್ಪು ಯಾರ ಲೆಕ್ಕಕ್ಕೂ ಬರುವುದಿಲ್ಲ. ಮಾವನಿಗೆ ಎರಡೂ ಇವತ್ತೇ ನಿಲ್ಲಲಿ.

ಜಾಸ್ತಿಯಾದ ಪೊಟ್ಯಾಸಿಯಂ ಹೊರಹಾಕುವುದು ಮುಖ್ಯವಾಗಿ ಕಿಡ್ನಿ. ಅದು ಸೋತಿದ್ದರೆ ರಕ್ತದಲ್ಲೇ ಉಳಿಯುತ್ತದೆ, ಟೆಲ್ಮಿಸಾರ್ಟನ್ ಕೂಡ ಅದನ್ನು ಸ್ವಲ್ಪ ಏರಿಸಬಹುದು. ಹಾಗಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ರಿಪೋರ್ಟ್ ಹಿಡಿದು ಇವತ್ತೇ ಡಾಕ್ಟರನ್ನು ಕಾಣಿ. 3.5ರಿಂದ 5ರೊಳಗೆ ಇರಬೇಕಾದ್ದು 5.6 ಆಗಿದೆ, ಇದು ಏನೂ ಲಕ್ಷಣ ತೋರಿಸದೆ ಹೃದಯದ ಬಡಿತವನ್ನೇ ಕೆಡಿಸಬಲ್ಲದು. ಇಸಿಜಿ ಮಾಡಿ, ರಕ್ತ ಇನ್ನೊಮ್ಮೆ ನೋಡಬಹುದು. ರಕ್ತ ತೆಗೆಯುವಾಗ ಮುಷ್ಟಿ ಬಿಗಿಹಿಡಿದರೂ ಸುಳ್ಳು ಲೆಕ್ಕ ಜಾಸ್ತಿ ಬರುವುದುಂಟು, ಆದರೆ ಹಾಗೇ ಇರಬಹುದು ಅಂತ ಸುಮ್ನೆ ಕೂರಬೇಡಿ. ಕೈಕಾಲು ಸೋತರೆ, ಎದೆ ಡವಡವ ಅಂದರೆ ನೇರ ಆಸ್ಪತ್ರೆಗೆ.

ಗೆಣಸು, ಕೆಸುವಿನ ಗೆಡ್ಡೆ, ನೇಂದ್ರಕಾಯಿ ಅವರಿಗೆ ಬಡಿಸುವುದಾದರೆ ಸಿಪ್ಪೆ ತೆಗೆದು ಸಣ್ಣಗೆ ಹೆಚ್ಚಿ, ಜಾಸ್ತಿ ನೀರಲ್ಲಿ ಬೇಯಿಸಿ ಆ ನೀರು ಬಸಿಯಿರಿ. ಪೊಟ್ಯಾಸಿಯಂ ಒಂದಷ್ಟು ನೀರಿಗಿಳಿಯುತ್ತದೆ. ಹಬೆಯಲ್ಲಿ ಬೇಯಿಸಿದರೆ ಅಷ್ಟು ಇಳಿಯುವುದಿಲ್ಲ. ಬಸಿದ ನೀರು ಚೆಲ್ಲಲು ನಮ್ಮ ಕಡೆ ಯಾರಿಗೂ ಮನಸ್ಸು ಬಾರದು, ಸಾರಿಗೆ ಸೇರಿಸಿಬಿಡುತ್ತೇವೆ. ಇಲ್ಲಿ ಮಾತ್ರ ಚೆಲ್ಲಲೇಬೇಕು.

ನೀವು ಯಾಕೆ ಬಾಳೆಹಣ್ಣು ಬಿಡಬೇಕು? ಕಿಡ್ನಿ ಸರಿಯಿದ್ದು ಇಂಥ ಮಾತ್ರೆ ಇಲ್ಲದವರಿಗೆ ಹಣ್ಣು-ತರಕಾರಿಯ ಪೊಟ್ಯಾಸಿಯಂ ಒಳ್ಳೆಯದೇ. ಸೋಡಿಯಂ ಮೂತ್ರದಲ್ಲಿ ಹೋಗಲು, ರಕ್ತನಾಳ ಸಡಿಲವಾಗಲು ಅದು ಬೇಕು. ದೊಡ್ಡವರಿಗೆ ದಿನಕ್ಕೆ ಕನಿಷ್ಠ 3,510 ಮಿ.ಗ್ರಾಂ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ಬಾಳೆಹಣ್ಣಿನಲ್ಲಿ ಸುಮಾರು 400 ಇರಬಹುದು ಅಷ್ಟೇ. ಆದರೆ ಡಾಕ್ಟರನ್ನು ಕೇಳದೆ ಪೊಟ್ಯಾಸಿಯಂ ಮಾತ್ರೆ ನುಂಗಬೇಡಿ.

ಎಲ್ಲರಿಗೂ ಒಂದೇ ಪಾತ್ರೆಯಲ್ಲಿ ಅಡುಗೆ ಆಗುತ್ತದೆ ಅಲ್ವಾ? ಹಾಗಾಗಿ ಮಾಮೂಲಿ ಉಪ್ಪನ್ನೇ ತನ್ನಿ, ಕಡಿಮೆ ಹಾಕಿ. ಉಪ್ಪಿನಕಾಯಿ, ಹಪ್ಪಳ, ಒಣಮೀನು ಮಾವನ ಬಟ್ಟಲಿಗೆ ಬೇಡ.